ಮಧ್ಯಾಹ್ನದ ಊಟ ಯಾರು ಮಾಡ್ತಾರೆ?

ಏಪ್ರಿಲ್‌ನಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಮನೆಒಕ್ಕಲಿಗೆ ಹೋಗಿದ್ದೆವು. ಪೂಜೆ ಮುಗಿದು ಎಲೆ ಹಾಕುವವರೆಗೆ ಚಪ್ಪರದಡಿ ಕೂತು ಮಾತಾಡುವ ಹೊತ್ತು ಇರುತ್ತದಲ್ಲ, ಆಗ ಎಂದಿನಂತೆ ನಮ್ಮ ಮಕ್ಕಳ ವಿಷಯ ಬಂತು. ಇವರ ಮಕ್ಕಳು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಓದುವುದು ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ನಾಲ್ಕು ಕುರ್ಚಿ ಈ ಕಡೆ ತಿರುಗುತ್ತವೆ. ನಮ್ಮ ಇವರು ಹುರುಪಿನಿಂದ ಶುರು ಮಾಡಿದರು. ತೋಟ ಇದೆ, ಗುಡ್ಡ ಇದೆ, ನೀರಿನ ಸುರಂಗ ಇದೆ, ಕಲಿಯುವುದಕ್ಕೆ ಇನ್ನೇನು ಬೇಕು? ಬೆಲ್ಲು ಹೊಡೆದ ಕೂಡಲೇ ಪುಸ್ತಕ ಮುಚ್ಚಬೇಕೆಂದಿಲ್ಲ, ಇಷ್ಟ ಬಂದಷ್ಟು ಹೊತ್ತು ಓದಬಹುದು. ಚೆನ್ನಾಗಿಯೇ ಹೇಳುತ್ತಾರೆ ಮಾರಾಯ್ರೆ. ನಾನೂ ತಲೆ ಆಡಿಸುತ್ತಾ ಕೇಳುತ್ತಿದ್ದೆ, ಯಾರದೋ ಮನೆಯ ಕಥೆ ಕೇಳಿದ ಹಾಗೆ.

ಪಕ್ಕದಲ್ಲಿ ನನ್ನ ತವರಿನ ಕಡೆಯ ದೊಡ್ಡಮ್ಮ ಕೂತಿದ್ದರು. ವಯಸ್ಸು ಎಂಬತ್ತು ದಾಟಿದೆ. ವೀಳ್ಯದೆಲೆಯ ನಾರು ತೆಗೆಯುತ್ತಾ ಪೂರ್ತಿ ಭಾಷಣ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ಬಾಗಿ, ಬೇರೆಯವರಿಗೆ ಕೇಳದ ಹಾಗೆ, "ಅದೆಲ್ಲ ಸರಿ. ಮಧ್ಯಾಹ್ನದ ಊಟ ಯಾರು ಮಾಡ್ತಾರೆ?" ಎಂದರು.

"ನಾನೇ ದೊಡ್ಡಮ್ಮ."

"ಹೂಂ" ಎಂದು ಎಲೆಗೆ ಸುಣ್ಣ ಹಚ್ಚಿದರು. ಅಷ್ಟೇ.

ಮೂರು ವರ್ಷದಲ್ಲಿ ನಮಗೆ ನೂರಾರು ಪ್ರಶ್ನೆ ಬಂದಿವೆ. ಸರ್ಟಿಫಿಕೇಟಿಗೆ ಎಂತ ಮಾಡುತ್ತೀರಿ, ಬೇರೆ ಮಕ್ಕಳ ಜೊತೆ ಬೆರೆಯುವುದು ಹೇಗೆ, ಕಾನೂನು ಒಪ್ಪುತ್ತದಾ. (ಶಿಕ್ಷಣ ಹಕ್ಕಿನ 2009ರ ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಬಗ್ಗೆ ಹೇಳುತ್ತದೆ, ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಈ ಮನೆಪಾಠದ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಹಾಗಾಗಿ ಈ ಚರ್ಚೆ ಯಾವ ಚಪ್ಪರದಲ್ಲೂ ಮುಗಿಯುವುದಿಲ್ಲ.) ಊಟದ ಬಗ್ಗೆ ಕೇಳಿದವರು ದೊಡ್ಡಮ್ಮ ಒಬ್ಬರೇ. ಆ ಪ್ರಶ್ನೆ ಅವತ್ತಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ಯಾಕೆ ಬಿಡಿಸಿದೆವು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ, ಕಾಸರಗೋಡಿನವರಿಗೆ ಅದು ಹೊಸ ಕಥೆಯಲ್ಲ. 2020ರ ಜೂನ್‌ನಿಂದ ಮಕ್ಕಳು ಟಿ.ವಿ. ಮುಂದೆ, ಫೋನಿನ ಮುಂದೆ ಕೂತು ಪಾಠ ಕೇಳಿದರು. ರೇಂಜ್ ಸಿಗಬೇಕಾದರೆ ಗುಡ್ಡದ ತಲೆಗೆ ಹೋಗಬೇಕಿತ್ತು. 2021ರ ನವೆಂಬರ್ 1ಕ್ಕೆ ಶಾಲೆ ಮತ್ತೆ ತೆರೆಯಿತು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಮಲಯಾಳಿ ಅಧ್ಯಾಪಕರೊಬ್ಬರು ಬಂದರು. ಮನುಷ್ಯ ಒಳ್ಳೆಯವರೇ. ಮಗ ಎದ್ದು ನಿಂತು ಪ್ರಶ್ನೆ ಕೇಳಿದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ, ಅವರ ಉತ್ತರ ಇವನಿಗೆ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಬೋರ್ಡಿನಲ್ಲಿದ್ದುದನ್ನು ನಕಲು ಮಾಡಿಕೊಂಡು ಬರುತ್ತಿದ್ದ. ಕ್ರಮೇಣ ಪ್ರಶ್ನೆ ಕೇಳುವುದನ್ನೇ ಬಿಟ್ಟ. ನನಗೆ ಹೆದರಿಕೆಯಾದದ್ದು ಆಗ. 2022ರ ಬೇಸಗೆ ರಜೆ ಮುಗಿದಾಗ ನಾವು ಇಬ್ಬರನ್ನೂ ಕಳಿಸಲಿಲ್ಲ. ಅವನಿಗೆ 11 ವರ್ಷ, ಅವಳಿಗೆ 8.

ಮಲಯಾಳದ ಮೇಲೆ ಸಿಟ್ಟಿಲ್ಲ. ಬಸ್ಸಿನ ಬೋರ್ಡು ಓದಲಿಕ್ಕಾದರೂ ಅದು ಬೇಕೇ ಬೇಕು. ಅದರ ಕಥೆ ಮುಂದೆ ಬರುತ್ತದೆ.

ವಾರಕ್ಕೆ 35 ಸಲ

ಮೊದಲ ಜೂನ್‌ನಲ್ಲಿ ನಾನು ಒಂದು ಟೈಮ್‌ಟೇಬಲ್ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಬಣ್ಣಬಣ್ಣದ ಸ್ಕೆಚ್ ಪೆನ್ನಿನಲ್ಲಿ, ಸ್ಕೇಲು ಇಟ್ಟು ಗೆರೆ ಎಳೆದು. 9ರಿಂದ 10 ಇಂಗ್ಲಿಷ್, 10ರಿಂದ 11 ಗಣಿತ, 11ರಿಂದ 12 ಕನ್ನಡ. ಅದರಲ್ಲಿ ನನ್ನ ಅಡುಗೆಗೆ ಒಂದೂ ಚೌಕ ಇರಲಿಲ್ಲ. ಬರೆಯುವಾಗ ನೆನಪೇ ಆಗಲಿಲ್ಲ ಎಂದರೆ ನಂಬಬೇಕು. ಶಾಲೆಗೆ ಹೋಗುತ್ತಿದ್ದಾಗ ಇಬ್ಬರಿಗೂ ಮಧ್ಯಾಹ್ನ ಅಲ್ಲೇ ಊಟವಾಗುತ್ತಿತ್ತು. ಮನೆಯಲ್ಲಿ ನಾನು, ಅತ್ತೆ, ತೋಟದಿಂದ ಬಂದ ಇವರು. ನಿನ್ನೆಯ ಸಾಂಬಾರು, ಒಂದು ತಂಬುಳಿ ಇದ್ದರೆ ನಡೆದುಹೋಗುತ್ತಿತ್ತು. ಶಾಲೆ ನಮ್ಮಿಂದ ಏನೇನು ಕಸಿದುಕೊಂಡಿತು ಎಂದು ನಾವಿಬ್ಬರೂ ತಿಂಗಳುಗಟ್ಟಲೆ ಲೆಕ್ಕ ಹಾಕಿದ್ದೆವು. ದಿನಾ ಒಂದು ಹೊತ್ತು ಅನ್ನ ಹಾಕುತ್ತಿತ್ತು ಎಂಬುದನ್ನು ಮಾತ್ರ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಆ ಜುಲೈಯ ಒಂದು ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡು ವಾರ ಬಿಡದೆ ಹೊಯ್ದ ಮಳೆ ಬೆಳಗ್ಗೆ ಇದ್ದಕ್ಕಿದ್ದ ಹಾಗೆ ಹೊಳವು ಕೊಟ್ಟಿತು. ಅಡಿಕೆಗೆ ಎರಡನೇ ಸಲದ ಮದ್ದು ಬಿಡುವುದು ಬಾಕಿ ಇತ್ತು. ಹೊಳವು ಸಿಕ್ಕಿದ ದಿನವೇ ಬಿಡಬೇಕು, ತಡವಾದರೆ ಕೊಳೆರೋಗ ಕಾಯಿ ಉದುರಿಸಿಬಿಡುತ್ತದೆ. ಏಳು ಗಂಟೆಗೆ ಮೂರು ಜನ ಕೆಲಸದವರು ದೋಟಿ ಹಿಡಿದುಕೊಂಡು ಅಂಗಳಕ್ಕೆ ಬಂದರು. ಅಂದರೆ ಹತ್ತು ಗಂಟೆಗೆ ಚಾ ತಿಂಡಿ, ಮಧ್ಯಾಹ್ನ ಎಂಟು ಜನಕ್ಕೆ ಊಟ. ಫ್ರಿಜ್ಜಿನ ಬಾಗಿಲು ಗಣಿತ ಎನ್ನುತ್ತಿತ್ತು.

ಕರೆಂಟು ರಾತ್ರಿಯೇ ಹೋಗಿತ್ತು. ಮಿಕ್ಸಿ ಇಲ್ಲ. ಕಾಯಿ ಅರೆಯಲು ಹಿಂದಿನ ಜಗಲಿಯ ಕಡೆಯುವ ಕಲ್ಲಿಗೆ ಹೋದರೆ, ವರ್ಷಗಟ್ಟಲೆ ಮುಟ್ಟದ ಅದರ ಗುಂಡಿಯಲ್ಲಿ ಮಕ್ಕಳ ಗೋಲಿ, ಒಂದು ಮುರಿದ ಕೊಡೆಯ ಕಡ್ಡಿ. ತೊಳೆದು ಅರೆದೆ. ಹನ್ನೊಂದೂ ಕಾಲಿಗೆ ಗ್ಯಾಸ್ ಮುಗಿಯಿತು, ಅನ್ನ ಅರ್ಧ ಬೆಂದಿತ್ತು. ಕುಚ್ಚಲಕ್ಕಿ ಬೇರೆ, ಅದಕ್ಕೆ ಬೇಯಲು ಹೊತ್ತು ಬೇಕು. ಪಾತ್ರೆ ಇಳಿಸಿ ಬಚ್ಚಲ ಒಲೆಗೆ ತಂದೆ. ಸೌದೆ ತಂಡಿಯಾಗಿ ಬರೀ ಹೊಗೆ. ಊದಿ ಊದಿ ಕಣ್ಣಿಂದ ನೀರು ಬರುತ್ತಿದೆ. ತೋಟದ ಕಡೆಯಿಂದ "ಅಕ್ಕ, ಚಾ ಆಂಡಾ?" ಎಂದು ತುಳುವಿನಲ್ಲಿ, ಚಾ ಆಯಿತಾ ಅಂತ, ಎರಡನೇ ಸಲ ಕೂಗಿದರು. ಮಗಳು ಬಂದು "ಅಮ್ಮಾ, ಕತ್ತರಿ ಎಲ್ಲಿ?" ಅಂದಳು. ಅವಳ ಹಿಂದೆಯೇ ಮಗ ನೋಟ್‌ಬುಕ್ ಬಿಡಿಸಿ ಹಿಡಿದುಕೊಂಡು, "ಇದು ನೋಡಮ್ಮ, ಲ.ಸಾ.ಅ. ಸರಿಯಾಗ್ತಾ ಇಲ್ಲ" ಅಂದ.

ನಾನು ಆ ನೋಟ್‌ಬುಕ್ ಕಿತ್ತುಕೊಂಡು ಎಸೆದೆ. ಬಚ್ಚಲಿನ ಒದ್ದೆ ನೆಲದಲ್ಲಿ ಅಂಗಾತ ಬಿತ್ತು.

ಅವನು ಏನೂ ಹೇಳಲಿಲ್ಲ. ಬಗ್ಗಿ ಎತ್ತಿಕೊಂಡ, ಅಂಗಿಯ ತುದಿಯಲ್ಲಿ ಹಾಳೆ ಒರೆಸಿದ, ಹೋದ. ಶಾಲೆಯಲ್ಲಿ ಪ್ರಶ್ನೆ ಕೇಳುವುದನ್ನು ಬಿಟ್ಟ ಹುಡುಗನನ್ನು ಮನೆಗೆ ಕರೆದುಕೊಂಡು ಬಂದು ನಾನು ಮಾಡಿದ್ದು ಇದು.

ಒಂದೂವರೆಗೆ ಬಡಿಸಿದೆ. ಅನ್ನ, ಸಾರು, ಮಿಡಿ ಉಪ್ಪಿನಕಾಯಿ, ಮಜ್ಜಿಗೆ. ಕೆಲಸದವರು ಮಾತಿಲ್ಲದೆ ಉಂಡರು. ಇವರು ಮಾತ್ರ ಎಲೆಯ ತುದಿ ನೋಡಿ, "ಪಲ್ಯ ಇಲ್ವಾ?" ಎಂದರು. ಪಾಪ, ಕೆಟ್ಟ ಉದ್ದೇಶದಿಂದ ಕೇಳಿದ್ದಲ್ಲ. ಆದರೆ ಆ ಎರಡು ಶಬ್ದ ನಾನು ಇವತ್ತಿಗೂ ಮರೆತಿಲ್ಲ, ಅವರಿಗೆ ಅದು ಚೆನ್ನಾಗಿ ಗೊತ್ತು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಲೆಕ್ಕ ಹಾಕಿದೆ. ಬೆಳಗ್ಗೆ ತಿಂಡಿ, ಹತ್ತರ ಚಾ, ಊಟ, ನಾಲ್ಕರ ಚಾ, ರಾತ್ರಿಯೂಟ. ದಿನಕ್ಕೆ ಐದು, ವಾರಕ್ಕೆ 35. ಐದು ಜನಕ್ಕೆ ಬಡಿಸಿದರೆ 175 ತಟ್ಟೆ ಲೋಟ. ಕೆಲಸದವರು, ನೆಂಟರು ಬೇರೆ. ಮರುದಿನ ಇನ್ನೊಂದು ಲೆಕ್ಕ ಮಾಡಿದೆ, ಸುಮ್ನೆ ಕುತೂಹಲಕ್ಕೆ. ಯಾರಾದರೂ ನನ್ನನ್ನು "ಎಲ್ಲಿ?" ಎಂದು ಕೇಳಿದಾಗಲೆಲ್ಲ ಕ್ಯಾಲೆಂಡರಿನ ಹಿಂದೆ ಒಂದು ಗೆರೆ. ಕತ್ತರಿ ಎಲ್ಲಿ, ಕೊಡೆ ಎಲ್ಲಿ, ನನ್ನ ಕನ್ನಡಕ ಎಲ್ಲಿ, ಪಂಪಿನ ಸ್ಪ್ಯಾನರ್ ಎಲ್ಲಿ. ರಾತ್ರಿಗೆ 43 ಗೆರೆ. ಅಡುಗೆಗಿಂತ ನನ್ನನ್ನು ಸುಸ್ತು ಮಾಡುತ್ತಿದ್ದದ್ದು ಇದು ಎಂದು ಆಗ ಹೊಳೆಯಿತು. ಈ ಮನೆಯಲ್ಲಿ ಏನು ಎಲ್ಲಿದೆ, ಯಾವುದು ಮುಗಿಯುತ್ತಾ ಬಂತು, ನಾಳೆಗೆ ಏನು ನೆನೆಹಾಕಬೇಕು ಎಂಬುದೆಲ್ಲ ನನ್ನ ಒಬ್ಬಳ ತಲೆಯೊಳಗೆ ಇತ್ತು. ಮಕ್ಕಳು ಶಾಲೆಗೆ ಹೋಗುತ್ತಿದ್ದಾಗ ದಿನಕ್ಕೆ ಏಳು ಗಂಟೆ ಹೊತ್ತು ಆ ತಲೆಗೆ ಯಾರೂ ಕೈ ಹಾಕುತ್ತಿರಲಿಲ್ಲ.

ಸೌತೆಕಾಯಿಯ ಸಾಲು

ಮನೆ ಒಪ್ಪವಾಗಿಡುವುದು ಹೇಗೆ ಎಂದು ಹೇಳುವ ವೀಡಿಯೋಗಳನ್ನು ಆಮೇಲೆ ನಾನು ತುಂಬ ನೋಡಿದೆ. ಒಂದೇ ಅಳತೆಯ ಗಾಜಿನ ಡಬ್ಬಿ, ಅದರ ಮೇಲೆ ಚೀಟಿ, ವಾರದ ಊಟದ ಪಟ್ಟಿ. ಭಾನುವಾರವೇ ತರಕಾರಿ ಹೆಚ್ಚಿ ಫ್ರಿಜ್ಜಿನಲ್ಲಿ ಇಡಬೇಕಂತೆ. ನಮ್ಮಲ್ಲಿ ಮಳೆಗಾಲದಲ್ಲಿ ಫ್ರಿಜ್ಜನ್ನು ನಂಬಿದವರು ಕೆಟ್ಟರು. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದ್ದು ನಾಲ್ಕು ತಿಂಗಳಲ್ಲೇ ಸುರಿಯುವ ಊರು. ಬಟ್ಟೆ ಒಣಗುವುದಿಲ್ಲ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಕರೆಂಟು ಯಾವಾಗ ಹೋಗುತ್ತದೆ ಎಂದು ಗೊತ್ತಿಲ್ಲ. ವೀಡಿಯೋದವರಿಗೆ ಇಂಥ ಜುಲೈ ಇಲ್ಲ.

ಅತ್ತೆಗೆ ಇದೆ. ಅತ್ತೆಯ ಊಟದ ಪಟ್ಟಿ ನಾನು ಮದುವೆಯಾಗಿ ಬಂದಾಗಿನಿಂದ ನನ್ನ ತಲೆಯ ಮೇಲೇ ನೇತಾಡುತ್ತಿತ್ತು. ಬೇಸಗೆಯಲ್ಲಿ ಗದ್ದೆಯಲ್ಲಿ ಬೆಳೆದ ಸಾಂಬಾರು ಸೌತೆಕಾಯಿಗಳನ್ನು ಬಾಳೆಯ ಬಳ್ಳಿಯಲ್ಲಿ ಒಂದೊಂದಾಗಿ ಕಟ್ಟಿ ಅಡುಗೆಮನೆಯ ಮಾಡಿನ ಕೆಳಗೆ ಸಾಲಾಗಿ ತೂಗುಹಾಕುತ್ತಾರೆ. ಒಂದಕ್ಕೊಂದು ತಾಗಬಾರದು, ತಾಗಿದ ಕಡೆ ಕೊಳೆಯುತ್ತದೆ. ಹಾಗೆ ಕಟ್ಟಿದ್ದು ಮಳೆಗಾಲ ಪೂರ್ತಿ ಬರುತ್ತದೆ. ಅಟ್ಟದಲ್ಲಿ ಭರಣಿಗಳು. ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಉಪ್ಪು ಮಾವಿನಕಾಯಿ, ಮಿಡಿ. ಮೂಲೆಯಲ್ಲಿ ಕೆಂಪು ಮಣ್ಣು ಸವರಿ ಇಟ್ಟ ಹಲಸಿನ ಬೇಳೆ. ಡಬ್ಬಿಗಳಲ್ಲಿ ಹಪ್ಪಳ, ಸಂಡಿಗೆ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಮಾಂಬಳ. ಆಗಸ್ಟಿನ ಊಟವನ್ನು ಅತ್ತೆ ಮೇ ತಿಂಗಳಲ್ಲಿ ಯೋಚಿಸಿ ಮುಗಿಸಿರುತ್ತಾರೆ. ಆ ಜುಲೈಯ ಹೊಗೆಯ ದಿನ ನನ್ನ ತಲೆಯಿಂದ ಎರಡು ಮೊಳ ಮೇಲೆ ಮೂವತ್ತು ಸೌತೆಕಾಯಿ ತೂಗುತ್ತಿತ್ತು. ನಾನು ಪಲ್ಯವಿಲ್ಲದೆ ಬಡಿಸಿದ್ದೆ. ಯಾಕೆ? ಅದು ಅತ್ತೆಯ ಲೆಕ್ಕ, ಕೇಳದೆ ಮುಟ್ಟಬಾರದು ಎಂಬ ಒಂದು ಸಂಕೋಚ. ಅತ್ತೆ ಅವತ್ತು ಜ್ವರ ಬಂದು ಮಲಗಿದ್ದರು. ಅಂದರೆ ನನ್ನ ತಲೆ ಮಾತ್ರ ಅಲ್ಲ, ಈ ಮನೆಯಲ್ಲಿ ಬೀಗ ಹಾಕಿದ ತಲೆ ಎರಡಿದ್ದವು.

ಚೀಟಿ ಅಂಟಿಸುವ ಕೆಲಸ ಮಗಳಿಗೆ ಕೊಟ್ಟೆ. ಕನ್ನಡ ಒಂದು ಕಡೆ, ಮಲಯಾಳ ಇನ್ನೊಂದು ಕಡೆ. ಲಿಪಿ ತಿದ್ದಿ ಕೊಟ್ಟದ್ದು ಪಕ್ಕದ ಮನೆಯ ಟೀಚರಕ್ಕ. ಹೀಗೆ ಸಾಸಿವೆ ಕಡುಕ್ ಆಯಿತು, ಮೆಂತೆ ಉಲುವ ಆಯಿತು, ಸಕ್ಕರೆ ಪಂಚಸಾರ ಆಯಿತು. ಮೂರು ತಿಂಗಳಲ್ಲಿ ಅವಳು ಬಸ್ಸಿನ ಬೋರ್ಡು ಓದತೊಡಗಿದಳು. ಅತ್ತೆಗೆ ಮಾತ್ರ ಸಿಟ್ಟು ಬಂತು. "ನನ್ನ ಅಡುಗೆಮನೆಗೆ ಪೇಟೆಯ ಹಾಗೆ ಬೋರ್ಡು ಹಾಕಿದಿರಾ?" ಎಂದರು. ಅತ್ತೆ ಡಬ್ಬಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಕಡಲೆಬೇಳೆಯ ಸದ್ದು ಬೇರೆ, ತೊಗರಿಬೇಳೆಯದ್ದು ಬೇರೆ, ಅರ್ಧ ಡಬ್ಬಿಯ ಸದ್ದು ಇನ್ನೂ ಬೇರೆ. ಕಣ್ಣು ಮಂಜಾದವರಿಗೆ ಚೀಟಿಯಿಂದ ಎಂತ ಪ್ರಯೋಜನ? ಮಗಳು ಒಂದು ವಾರ ಅಜ್ಜಿಯ ಹಿಂದೆ ಬಿದ್ದು ಅದನ್ನೂ ಕಲಿತಳು. ಈಗ ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ. ಹೆಸರು, ಉದ್ದು ಎರಡರಲ್ಲಿ ಇನ್ನೂ ತಪ್ಪುತ್ತಾಳೆ.

ಈ ಅಲ್ಲಾಡಿಸುವ ಪಾಠದ ನಡುವೆಯೇ ಇನ್ನೊಂದು ಪಾಠ ಆಯಿತು, ಅದು ಯಾವ ಟೈಮ್‌ಟೇಬಲ್‌ನಲ್ಲೂ ಇರಲಿಲ್ಲ. ಅತ್ತೆ ಹುಟ್ಟಿದ್ದು 1949ರಲ್ಲಿ, ಆಗ ನಮ್ಮ ಊರು ಮದರಾಸಿನ ಆಡಳಿತದ ದಕ್ಷಿಣ ಕನ್ನಡ. 1956ರ ನವೆಂಬರ್ 1ಕ್ಕೆ ಕೇರಳ. ಮದುವೆಯಾಗಿ ಈ ಮನೆಗೆ ಬಂದಾಗ ವಿಳಾಸದಲ್ಲಿ ಕಣ್ಣೂರು ಜಿಲ್ಲೆ. 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. "ನಾನು ಮನೆ ಬದಲಿಸಿದ್ದು ಒಂದೇ ಸಲ, ಅದೂ ನಾಲ್ಕು ಮೈಲು ದೂರಕ್ಕೆ" ಎಂದು ಅತ್ತೆ ಉದ್ದಿನ ಡಬ್ಬಿ ಅಲ್ಲಾಡಿಸುತ್ತಾ ಹೇಳಿದರು. ಮಗ ಅದನ್ನು ಬರೆದಿಟ್ಟುಕೊಂಡಿದ್ದಾನೆ.

ಮೂರಕ್ಕೆ ಒಂದು

ಇಲ್ಲಿಗೆ ನಿಲ್ಲಿಸಿದರೆ ಚಂದ ಕಾಣುತ್ತಿತ್ತು. ಅಡುಗೆಮನೆಯೇ ಪಾಠಶಾಲೆ, ಡಬ್ಬಿಯೇ ಪುಸ್ತಕ ಎಂದು. ಮನೆಪಾಠ ಮಾಡುವವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಇದು, ನಾನೂ ಹೇಳಿದ್ದೇನೆ. ದೋಸೆ ಹಿಟ್ಟಿನಲ್ಲೇ ಭಿನ್ನರಾಶಿ ಕಲಿಯುತ್ತಾರೆ ಅಂತ. ಅದು ಅರ್ಧ ಸುಳ್ಳು.

ಮಗಳಿಗೆ ಒಂಬತ್ತು ವರ್ಷವಾದಾಗ ಉದ್ದಿನ ದೋಸೆಗೆ ನೆನೆಹಾಕುವ ಕೆಲಸ ಅವಳದ್ದಾಯಿತು. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು. ಒಂದು ದಿನವೂ ತಪ್ಪಿಲ್ಲ. ನೆಂಟರು ಬಂದರೆ ಆರಕ್ಕೆ ಎರಡು, ಅದೂ ಸರಿ. ನನಗೆ ಹೆಮ್ಮೆ. ಒಂದು ಸಂಜೆ ಅವಳನ್ನು ಕೇಳಿದೆ, "ನಮ್ಮ ಹಿಟ್ಟಿನಲ್ಲಿ ಉದ್ದು ಎಷ್ಟು ಪಾಲು?" "ಮೂರರಲ್ಲಿ ಒಂದು" ಎಂದಳು. ನಾನೂ "ಸರಿ" ಎಂದೆ. ಜಗಲಿಯಲ್ಲಿ ಕೂತಿದ್ದ ಮಗ ಅಲ್ಲಿಂದಲೇ, "ಇಲ್ಲ, ನಾಲ್ಕರಲ್ಲಿ ಒಂದು" ಎಂದ.

ಜಗಳ ಶುರು. ಮೂರಕ್ಕೆ ಒಂದು ಎಂದ ಮೇಲೆ ಮೂರರಲ್ಲಿ ಒಂದು ಅಲ್ವಾ? ಅಲ್ಲ, ಒಟ್ಟು ಲೋಟ ಎಷ್ಟು? ಒಟ್ಟು ಯಾಕೆ ನೋಡಬೇಕು? ಅತ್ತೆಯನ್ನು ಕೇಳಿದರೆ, "ನನಗೆ ಪಾಲು ಗೊತ್ತಿಲ್ಲ, ದೋಸೆ ಮೆತ್ತಗಾಗಬೇಕು" ಎಂದರು. ನಾಲ್ಕು ಲೋಟ ಸಾಲಾಗಿ ಇಟ್ಟೆವು. ಮೂರರಲ್ಲಿ ಅಕ್ಕಿ, ಒಂದರಲ್ಲಿ ಉದ್ದು. ಅಕ್ಕಿಗೆ ಹೋಲಿಸಿದರೆ ಉದ್ದು ಮೂರನೇ ಒಂದು, ಇಡೀ ಹಿಟ್ಟಿಗೆ ಹೋಲಿಸಿದರೆ ನಾಲ್ಕನೇ ಒಂದು. ನನಗೆ ಇದು ಅರ್ಥವಾದದ್ದು ಅವತ್ತೇ, ನಲವತ್ತನೇ ವಯಸ್ಸಿನಲ್ಲಿ. ಅವಳಿಗೆ ಅವತ್ತೂ ಆಗಲಿಲ್ಲ. ಮೂರು ದಿನ ಪುಸ್ತಕ ಪೆನ್ಸಿಲ್ ಹಿಡಿದು, ಚೌಕ ಎಳೆದು, ಬಣ್ಣ ತುಂಬಿ, ಒಮ್ಮೆ ಅತ್ತು, ಕೊನೆಗೆ ಆಯಿತು.

ಎಷ್ಟು ವರ್ಷ ಸರಿಯಾದ ದೋಸೆ ಹೊಯ್ದರೂ ಅವಳಿಗೆ ಅದು ತನ್ನಷ್ಟಕ್ಕೆ ಹೊಳೆಯುತ್ತಿರಲಿಲ್ಲ. ನನಗೇ ಹೊಳೆದಿರಲಿಲ್ಲವಲ್ಲ! ಒಬ್ಬರು ಕೇಳಬೇಕು, ಇನ್ನೊಬ್ಬರು ಅಲ್ಲ ಎನ್ನಬೇಕು, ಆಮೇಲೆ ಚಾಪೆ ಹಾಸಿ ಕೂತು ಬರೆಯಬೇಕು. ಆ ಕೂರುವ ಹೊತ್ತು ನನಗೆ ಸಿಗಬೇಕಾದರೆ ಒಲೆಯ ಮುಂದೆ ಬೇರೆ ಯಾರಾದರೂ ನಿಲ್ಲಬೇಕು. ಚಪ್ಪರದ ಭಾಷಣದಲ್ಲಿ ಬಿಟ್ಟುಹೋಗುವುದು ಇದು.

ಇದಕ್ಕಿಂತ ಚೆನ್ನಾಗಿ ನಡೆದ ಪಾಠವೂ ಇದೆ, ಹೇಳಲೇಬೇಕು. ಈ ವರ್ಷ ಮಳೆ ಹಿಡಿಯುವ ಮೊದಲು ಮದ್ದು ಮಾಡುವ ದಿನ ಮಗಳು ಡ್ರಮ್ಮಿನ ಹತ್ತಿರ ನಿಲ್ಲುತ್ತೇನೆ ಎಂದಳು. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ನಮ್ಮ ಕಡೆಯ ಎಲ್ಲ ಮನೆಗೂ ಗೊತ್ತು. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕದಡಬೇಕು. ಒಂದು ಕಿಲೋ ನೂರು ಲೀಟರಿಗೆ, ಅಂದರೆ ಶೇಕಡಾ 1. ಪಾಕ ಸರಿಯಾಯಿತಾ ಎಂದು ನೋಡಲು ಕಬ್ಬಿಣದ ಚೂರಿ ಅದ್ದಬೇಕು. ತುತ್ತಿನ ನೀರು ಮುಟ್ಟಕೂಡದು, ಚೂರಿ ಅದ್ದುವುದು ಮಾತ್ರ ನಿನ್ನ ಕೆಲಸ ಎಂದರು ಇವರು. ಅವಳು ಓಡಿಹೋಗಿ ತಂದದ್ದು ನನ್ನ ತರಕಾರಿ ಹೆಚ್ಚುವ ಹಳೇ ಪೀಶಕತ್ತಿ!

ಅದ್ದಿ, ನೂರು ಎಣಿಸಿ, ಎತ್ತಿದಳು. ಅಲಗಿನ ಮೇಲೆ ಹೊಸ ತಂಬಿಗೆಯಂಥ ಕೆಂಪು. "ಸುಣ್ಣ ಸಾಲದು" ಎಂದು ಮದ್ದು ಬಿಡುವ ಅಣ್ಣ ದೂರದಿಂದಲೇ ಹೇಳಿದರು. ಒಂದು ಕಿಲೋಗೆ ಒಂದು ಕಿಲೋ ಹಾಕಿದ್ದೇವಲ್ಲ, ಮತ್ತೆ ಯಾಕೆ ಸಾಲದು? ಸುಣ್ಣದ ಚೀಲ ಹೋದ ವರ್ಷದ್ದು, ಬಾಯಿ ತೆರೆದೇ ಇತ್ತು. ಗಾಳಿ ಕುಡಿದ ಸುಣ್ಣಕ್ಕೆ ಖಾರ ಇರುವುದಿಲ್ಲ. ಕೆಂಪು ಎಲ್ಲಿಂದ ಬಂತು ಎಂಬುದಕ್ಕೆ ಮಗ ಉತ್ತರ ಕೊಟ್ಟ. ಕಬ್ಬಿಣ ನೀರೊಳಗೆ ಇಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ, ಆ ತಾಮ್ರ ಅಲಗಿಗೆ ಕೂತದ್ದು. ಪುಸ್ತಕದಲ್ಲಿ ಓದಿದ್ದನಂತೆ, ನೋಡಿದ್ದು ಮೊದಲ ಸಲ. ಸುಣ್ಣದ ನೀರು ಇನ್ನಷ್ಟು ಸೇರಿಸಿದರು. ಮತ್ತೆ ಅದ್ದಿದಳು, ಕೆಂಪು. ಇನ್ನಷ್ಟು. ನಾಲ್ಕನೇ ಸಲ ಅಲಗು ಅಲಗಿನ ಹಾಗೇ ಬಂತು. ಅವಳ ಮುಖ ನೋಡಬೇಕಿತ್ತು.

ಕತ್ತಿ ಮತ್ತೆ ಅಡುಗೆಮನೆಗೆ ಬರಲಿಲ್ಲ. ಅದಕ್ಕೆ ಈಗ 'ಮದ್ದಿನ ಕತ್ತಿ' ಎಂದು ಚೀಟಿ, ಪಂಪಿನ ಕೋಣೆಯಲ್ಲಿ ಮೊಳೆಗೆ ನೇತಾಡುತ್ತಿದೆ. ನನಗೆ ಹೊಸದು ಬಂದಿಲ್ಲ ಇನ್ನೂ.

ಗುರುವಾರ ಮತ್ತು ಉಳಿದ ದಿನ

ಈಗ ಹೇಗೆ ನಡೆಯುತ್ತಿದೆ? ಚೆನ್ನಾಗಿ ಎನ್ನಲಾರೆ. ನಡೆಯುತ್ತಿದೆ.

ಫ್ರಿಜ್ಜಿನ ಬಾಗಿಲಿನ ಹಾಳೆ ಹೋಯಿತು. ಕೂತು ಓದುವುದು ಬೆಳಗ್ಗೆ ಆರೂವರೆಯಿಂದ ಎಂಟೂವರೆ. ಮೊದಲು ನನ್ನ ತಿಂಡಿಯ ಹೊತ್ತು ಅದು. ಈಗ ಆ ಹೊತ್ತಿಗೆ ತಿಂಡಿ ಇವರದ್ದು. ಸೋಮವಾರ, ಬುಧವಾರ, ಶುಕ್ರವಾರ ನೀರುದೋಸೆ. ಬೇರೆ ದಿನಗಳಲ್ಲೂ ನೀರುದೋಸೆಯೇ, ಚಟ್ನಿ ಮಾತ್ರ ಬದಲು. ಮೊದಲ ತಿಂಗಳು ಕಾವಲಿಗೆ ಅಂಟಿ ಅಂಟಿ ಬಂತು, ಮಕ್ಕಳು ಚೂರುಗಳನ್ನೇ ತಿಂದರು. ನಾನು ಚಾಪೆಯಿಂದ ಏಳದೆ ಕೂತದ್ದು ನನ್ನ ಜೀವನದ ಕಷ್ಟದ ಕೆಲಸಗಳಲ್ಲಿ ಒಂದು. ಸರಿಯಾಗಿ ಎಂಟೂವರೆಗೆ ಮಗ ಅಂಗಳದ ಮಳೆಮಾಪಕ ನೋಡಿ ಬರೆಯುತ್ತಾನೆ, ಅಲ್ಲಿಗೆ ಪುಸ್ತಕ ಮುಚ್ಚುತ್ತದೆ. ಹತ್ತರ ಚಾ ಯಾರಿಗೆ ಬೇಕೋ ಅವರು ಮಾಡಿಕೊಳ್ಳುವುದು. ಕತ್ತರಿ ಮೊಳೆಗೆ ದಾರದಲ್ಲಿ ಕಟ್ಟಿದೆ. "ಎಲ್ಲಿ?" ನಿಂತಿಲ್ಲ. ಮೊನ್ನೆ ಮತ್ತೆ ಗೆರೆ ಹಾಕಿ ನೋಡಿದೆ, 17. ಅದರಲ್ಲಿ 9 ಇವರದ್ದೇ.

ಗುರುವಾರ ಮಧ್ಯಾಹ್ನದ ಊಟ ಮಗನದ್ದು. ಅವನಿಗೆ 14 ಆಯಿತು. ಎನ್‌ಐಒಎಸ್‌ನಲ್ಲಿ (ಶಾಲೆಗೆ ಹೋಗದೆ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೇ ತರಗತಿಗೆ ಹೆಸರು ಹಚ್ಚಬಹುದಾದ ವಯಸ್ಸು. ಐದು ವಿಷಯ ಬೇಕು, ಒಟ್ಟಿಗೆ ಬರೆಯಬೇಕೆಂದಿಲ್ಲ, ಐದು ವರ್ಷದೊಳಗೆ ಒಂಬತ್ತು ಅವಕಾಶ. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ ಎಂದು ಅವನೇ ಆರಿಸಿದ. ಐದನೆಯದಕ್ಕೆ ಪಟ್ಟಿ ನೋಡುತ್ತಾ ನೋಡುತ್ತಾ, "ಗೃಹ ವಿಜ್ಞಾನ ತಗೊಳ್ತೇನೆ" ಎಂದ. ಸುದ್ದಿ ನೆಂಟರಲ್ಲಿ ಹರಡಿತು. ಗಂಡುಹುಡುಗನಿಗೆ ಅದೆಂತಕ್ಕೆ, ಸಮಾಜ ವಿಜ್ಞಾನ ತಗೊಳ್ಳಲಿ, ಮುಂದೆ ಉಪಯೋಗ ಆಗುತ್ತದೆ ಎಂದು ಇವರ ಅಣ್ಣ ಫೋನ್ ಮಾಡಿದರು. ಇವರು ಏನು ಹೇಳಬಹುದೆಂದು ನಾನು ಒಳಗಿನಿಂದ ಕಿವಿ ಕೊಟ್ಟು ನಿಂತಿದ್ದೆ. "ನೋಡುವ" ಎಂದಷ್ಟೇ ಹೇಳಿ ಇಟ್ಟರು.

ಅವನ ಗುರುವಾರದ ಅಡುಗೆಯ ಬಗ್ಗೆ ಹೊಗಳಿಕೆ ಬೇಡ. ಬೋಳುಹುಳಿ ಒಂದು ಚೆನ್ನಾಗಿ ಬರುತ್ತದೆ, ಸೌತೆಕಾಯಿಯದ್ದು, ಕಾಯಿ ಅರೆಯುವ ಕೆಲಸ ಇಲ್ಲವಲ್ಲ. ಮಜ್ಜಿಗೆಯ ಮೇಲಾರ ಎರಡು ಸಲ ಒಡೆಯಿತು. ಹೊರಗೆ ಕೆಲಸದವರಿದ್ದರೆ ಗಾಬರಿಯಾಗಿ ಉಪ್ಪು ಎರಡು ಸಲ ಹಾಕುತ್ತಾನೆ. ಅಡುಗೆ ಮುಗಿದ ಮೇಲೆ ಕಟ್ಟೆಯ ಮೇಲೆ ಇರುವ ಪಾತ್ರೆ ಎಣಿಸಿದರೆ ಮದುವೆಮನೆ ನೆನಪಾಗುತ್ತದೆ. ಅದನ್ನು ತೊಳೆಯುವುದು ಯಾರ ಕೆಲಸ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಗುರುವಾರ ಸಂಜೆ ನಮ್ಮ ಮನೆಯಲ್ಲಿ ಸ್ವಲ್ಪ ಬಿಸಿ ಇರುತ್ತದೆ. ಆದರೆ ಆ ದಿನ ಹನ್ನೊಂದರಿಂದ ಒಂದರವರೆಗೆ ನಾನು ಮಗಳ ಜೊತೆ ಚಾಪೆಯಲ್ಲಿ ಕೂತಿರುತ್ತೇನೆ. ಒಳಗಿನಿಂದ "ಅಮ್ಮಾ, ಹಿಂಗು ಎಲ್ಲಿ?" ಎಂದು ಕೇಳಿದರೆ ಮಗಳು ನನ್ನ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

ಸೌತೆಕಾಯಿಯ ಲೆಕ್ಕ ಈಗ ಅವಳದ್ದು. ಈ ಮೇ ತಿಂಗಳಲ್ಲಿ ಅಜ್ಜಿಯೂ ಅವಳೂ ಸೇರಿ 36 ಕಟ್ಟಿದರು. ಇಳಿಸಿದಾಗಲೆಲ್ಲ ತಾರೀಕು ಹಾಕಿ ಬರೆಯುತ್ತಾಳೆ, ಕೊಳೆತದ್ದನ್ನೂ ಬರೆಯುತ್ತಾಳೆ. ಹೋದ ವಾರ ಸ್ಟೂಲು ಹತ್ತಿ ಎಣಿಸಿದರೆ ಪುಸ್ತಕದಲ್ಲಿ 11, ಮೇಲೆ 9. ಮೂರು ಸಲ ಎಣಿಸಿದಳು. ಅಣ್ಣನನ್ನು ಕೇಳಿದಳು, ಅಪ್ಪನನ್ನು ಕೇಳಿದಳು. ಆಮೇಲೆ ಜಗಲಿಗೆ ಹೋಗಿ, "ಅಜ್ಜೀ, ಎರಡು ಎಲ್ಲಿ?" ಎಂದಳು.

ಅತ್ತೆ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. "ಆಚೆಮನೆಯವರಿಗೆ ಬೇಕಿತ್ತು, ಕೊಟ್ಟೆ. ಅದನ್ನೆಲ್ಲ ಬರೆದಿಡ್ತಾರಾ?"

ಮಗಳು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ನಿಂತಳು. ಆಮೇಲೆ ಕೊಳೆತದ್ದರ ಪಕ್ಕ ಹೊಸತಾಗಿ ಒಂದು ಗೆರೆ ಎಳೆದು, ಅದರ ತಲೆಗೆ 'ಅಜ್ಜಿ' ಎಂದು ಬರೆದು, ಕೆಳಗೆ 2 ಎಂದು ಹಾಕಿದಳು.